ಒಳಗಿರುವವನಿಗೆ ಹೊರಗಿರುವವನೇ ಬಾಯಿ

(ಮೇಚೇರಿಯಲ್ಲಿ ಕೂಡಿದ ತೋಟದ ಕೂಲಿಕಾರ ಕುಟುಂಬಗಳ ಕೂಟದಲ್ಲಿ ಉಪದೇಶಿಯೊಬ್ಬರು ಮಾಡಿದ ಭಾಷಣ)



ಇಂದು ನನಗೆ ಕೊಟ್ಟಿರುವ ವಿಷಯ ವ್ಯಕ್ತಿ ಸ್ವಾತಂತ್ರ್ಯವನ್ನು ಕಾಪಾಡುವ ಹೊಣೆ. ಹೆಸರು ಕೇಳಿದರೆ ವಕೀಲರು ಮಾತಾಡಬೇಕಾದ ವಿಷಯವೆಂದು ತೋರುತ್ತದೆ. ಆದರೆ ಇದು ನಮ್ಮ ಲೈನು ಮನೆಯ ಬಾಗಿಲಲ್ಲೇ ನಿಂತಿರುವ ವಿಷಯ. ಈ ತೋಟ ಬೇಡ, ಬೇರೆ ತೋಟಕ್ಕೆ ಹೋಗುತ್ತೇನೆ ಎಂದು ಹೇಳಲು ನಮಗೆ ಆಗುತ್ತದೆಯೇ? ತಾಯಿಗೆ ಕಾಯಿಲೆಯೆಂದು ಊರಿಗೆ ಹೊರಟರೆ ಮುಂಗಡದ ಲೆಕ್ಕ ಹೇಳಿ ಯಾರಾದರೂ ದಾರಿಗೆ ಅಡ್ಡ ನಿಲ್ಲುತ್ತಾರೆಯೇ? ಪೊಲೀಸಿನವರು ಕರೆದುಕೊಂಡು ಹೋದ ಮಗ ಎಲ್ಲಿದ್ದಾನೆಂದು ಕೇಳಿದರೆ ಉತ್ತರ ಸಿಗುತ್ತದೆಯೇ? ಬಡವನ ಮಟ್ಟಿಗೆ ವ್ಯಕ್ತಿ ಸ್ವಾತಂತ್ರ್ಯವೆಂದರೆ ಇವೇ ಪ್ರಶ್ನೆಗಳು.

ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಒಂದು ಮಾತು. ಕೂಲಿ ಕಡಿಮೆ ಕೊಟ್ಟರೆ ಕೂಲಿಗಾರನೇ ಹೋಗಿ ಕೇಳಬಹುದು. ತೂಕದಲ್ಲಿ ಮೋಸವಾದರೆ ಸೊಪ್ಪು ಕಿತ್ತವಳೇ ರೈಟರನ್ನು ನಿಲ್ಲಿಸಿ ಕೇಳಬಹುದು. ಆದರೆ ಕೂಡಿಹಾಕಲ್ಪಟ್ಟವನು ತಾನೇ ಬಂದು ನನ್ನನ್ನು ಕೂಡಿಹಾಕಿದ್ದಾರೆ ಎಂದು ಹೇಳಲಾರ. ಬೇರೆ ಎಲ್ಲ ಅನ್ಯಾಯಗಳಲ್ಲಿ ಅನ್ಯಾಯಕ್ಕೊಳಗಾದವನಿಗೆ ಕಾಲಾದರೂ ಇರುತ್ತದೆ, ಬಾಯಾದರೂ ಇರುತ್ತದೆ. ಇಲ್ಲಿ ಮೊದಲು ಕಸಿಯುವುದೇ ಅವೆರಡನ್ನು. ಆದುದರಿಂದ ಈ ವಿಷಯದಲ್ಲಿ ಹೊಣೆ ಮೊದಲು ಬೀಳುವುದು ಹೊರಗಿರುವವನ ಮೇಲೆ. ಕಂಡವನ ಮೇಲೆ, ಕೇಳಿದವನ ಮೇಲೆ, ಪಕ್ಕದ ಮನೆಯವನ ಮೇಲೆ.

ಪವಿತ್ರ ಗ್ರಂಥದಲ್ಲಿ ಇದಕ್ಕೆ ಎರಡು ಉದಾಹರಣೆಗಳಿವೆ. ಎರಡೂ ಸಣ್ಣ ಮನುಷ್ಯರವು. ಸಂತ ಪೌಲರು ಜೆರುಸಲೇಮಿನಲ್ಲಿ ಸೆರೆಯಲ್ಲಿದ್ದಾಗ ನಲವತ್ತಕ್ಕೂ ಹೆಚ್ಚು ಮಂದಿ ಸೇರಿ, ಅವರನ್ನು ಕೊಲ್ಲುವ ತನಕ ಅನ್ನ ನೀರು ಮುಟ್ಟುವುದಿಲ್ಲವೆಂದು ಆಣೆಯಿಟ್ಟರು. ಕೋಟೆಯೊಳಗಿದ್ದ ಪೌಲರಿಗೆ ಇದು ತಿಳಿಯುವ ಬಗೆಯಿರಲಿಲ್ಲ. ತಿಳಿದದ್ದು ಅವರ ಸೋದರಳಿಯನಾದ ಒಬ್ಬ ಹುಡುಗನಿಗೆ. ಅವನ ಹೆಸರನ್ನು ಸಹ ಗ್ರಂಥ ಹೇಳುವುದಿಲ್ಲ. ಅವನು ಕೋಟೆಗೆ ಹೋಗಿ ಮಾವನಿಗೆ ತಿಳಿಸಿದ. ಆಮೇಲೆ ಸಹಸ್ರಾಧಿಪತಿಯ ಮುಂದೆ ನಿಂತು ಕೇಳಿದ್ದನ್ನು ಕೇಳಿದ ಹಾಗೆ ಹೇಳಿದ. ಆ ರಾತ್ರಿಯೇ ಪೌಲರನ್ನು ಸೈನಿಕರ ಕಾವಲಿನಲ್ಲಿ ಆ ಊರಿನಿಂದ ಸಾಗಿಸಿದರು. ಪ್ರೇಷಿತರ ಕಾರ್ಯಕಲಾಪಗಳ 23ನೇ ಅಧ್ಯಾಯವನ್ನು ಮನೆಯಲ್ಲಿ ಮಕ್ಕಳಿಂದ ಓದಿಸಿ ಕೇಳಿರಿ.

ಇನ್ನೊಬ್ಬನು ಎಬೆದ್ಮೆಲೆಕ. ಪ್ರವಾದಿ ಯೆರೆಮೀಯನನ್ನು ದೊಡ್ಡವರು ಕೆಸರಿನ ಬಾವಿಗೆ ಇಳಿಸಿ ಸಾಯಲು ಬಿಟ್ಟಾಗ, ಅರಮನೆಯಲ್ಲಿ ಊಳಿಗಕ್ಕಿದ್ದ ಈ ಪರದೇಶಿ ನೇರವಾಗಿ ಅರಸನ ಬಳಿಗೆ ಹೋದ. ಇವರು ಮಾಡಿದ್ದು ತಪ್ಪು, ಆ ಮನುಷ್ಯ ಹಸಿವಿನಿಂದ ಸಾಯುತ್ತಾನೆ ಎಂದ. ಅಪ್ಪಣೆ ಸಿಕ್ಕಿದ ಮೇಲೆ ಆಳುಗಳನ್ನು ಕರೆದುಕೊಂಡು, ಹಗ್ಗ ತೆಗೆದುಕೊಂಡು, ಉಗ್ರಾಣದಿಂದ ಹಳೆಯ ಬಟ್ಟೆಗಳನ್ನೂ ತೆಗೆದುಕೊಂಡು ಹೋದ. ಮೇಲಕ್ಕೆ ಎಳೆಯುವಾಗ ಹಗ್ಗ ಕಂಕುಳನ್ನು ಕೊಯ್ಯದಿರಲೆಂದು ಆ ಬಟ್ಟೆ. ಮಾತಾಡುವುದು ಒಂದು ಕೆಲಸ, ಹಗ್ಗ ಹಿಡಿದು ಎಳೆಯುವುದು ಇನ್ನೊಂದು ಕೆಲಸ. ಅವನು ಎರಡನ್ನೂ ಮಾಡಿದ.

ನಮ್ಮ ದೇಶದ ಕಾನೂನು ಕೂಡ ಇದೇ ತಿಳುವಳಿಕೆಯ ಮೇಲೆ ನಿಂತಿದೆ. ಸಂವಿಧಾನದ 21ನೇ ವಿಧಿ ಪ್ರತಿಯೊಬ್ಬನ ಜೀವವನ್ನೂ ಸ್ವಾತಂತ್ರ್ಯವನ್ನೂ ಕಾಪಾಡುತ್ತದೆ. ಒಬ್ಬನನ್ನು ಅಕ್ರಮವಾಗಿ ಹಿಡಿದಿಟ್ಟರೆ ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಬಹುದು. ಇಲ್ಲಿ ತಮಿಳಿನಲ್ಲಿ ಅದನ್ನು ಆಟ್ಕೊಣರ್ವು ಮನು ಎನ್ನುತ್ತಾರೆ. ಆಳನ್ನು ತಂದು ಎದುರಿಗೆ ನಿಲ್ಲಿಸಿರಿ ಎಂದು ಕೇಳುವ ಮನವಿ. ಈ ಅರ್ಜಿಯನ್ನು ಸೆರೆಯಲ್ಲಿರುವವನೇ ಹಾಕಬೇಕೆಂದಿಲ್ಲ. ಹೆಂಡತಿ ಹಾಕಬಹುದು, ತಂದೆ ಹಾಕಬಹುದು, ಸ್ನೇಹಿತ ಹಾಕಬಹುದು. ಒಳಗಿರುವವನು ಬರಲಾರನೆಂದು ಕಾನೂನಿಗೆ ಗೊತ್ತು.

ಈ ಬಾಗಿಲು ಒಮ್ಮೆ ಮುಚ್ಚಿಹೋಗಿತ್ತು. 1975ರ ಜೂನ್ 25ರಂದು ತುರ್ತುಪರಿಸ್ಥಿತಿ ಸಾರಿದ ಮೇಲೆ ವಿಚಾರಣೆಯಿಲ್ಲದೆ ಸಾವಿರಾರು ಜನರನ್ನು ಜೈಲಿಗೆ ಹಾಕಿದರು. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳಲ್ಲಿ ನಾಲ್ವರು, ತುರ್ತುಪರಿಸ್ಥಿತಿ ಇರುವ ತನಕ ಅಂಥ ಬಂಧನವನ್ನು ಪ್ರಶ್ನಿಸಿ ಯಾರೂ ಕೋರ್ಟಿಗೆ ಬರುವಂತಿಲ್ಲ ಎಂದರು. ಒಪ್ಪದವರು ಎಚ್.ಆರ್. ಖನ್ನಾ ಒಬ್ಬರೇ. 1977ರ ಜನವರಿಯಲ್ಲಿ ಹಿರಿತನದ ಪ್ರಕಾರ ಅವರಿಗೆ ಬರಬೇಕಾಗಿದ್ದ ಮುಖ್ಯ ನ್ಯಾಯಮೂರ್ತಿ ಸ್ಥಾನ ಅವರಿಗಿಂತ ಕಿರಿಯರಿಗೆ ಹೋಯಿತು. ಅವರು ರಾಜೀನಾಮೆ ಕೊಟ್ಟು ಹೊರನಡೆದರು.

ಕೋರ್ಟಿನ ತೀರ್ಪು ಬಂದ ಮೂರೇ ದಿನಕ್ಕೆ, 1976ರ ಮೇ 1ರಂದು, ಬೆಂಗಳೂರಿನಲ್ಲಿ ಲಾರೆನ್ಸ್ ಫೆರ್ನಾಂಡಿಸ್ ಅವರನ್ನು ಪೊಲೀಸರು ಮನೆಯಿಂದ ಕರೆದೊಯ್ದರು. ಅವರ ಅಣ್ಣ, ಕಾರ್ಮಿಕ ನಾಯಕ ಜಾರ್ಜ್ ಫೆರ್ನಾಂಡಿಸ್ ಎಲ್ಲಿ ಅಡಗಿದ್ದಾರೆ ಹೇಳು ಎಂದು ಹಿಂಸಿಸಿದರು. ಆಗ ಮಾತಾಡಿದವರು ಯಾರು? ಅವರ ತಾಯಿ ಆಲಿಸ್ ಫೆರ್ನಾಂಡಿಸ್. ಮಗನಿಗೆ ಏನು ಮಾಡಿದರೆಂದು ರಾಷ್ಟ್ರಪತಿಗಳಿಗೇ ಪತ್ರ ಬರೆದರು. ಅದೇ ಮೇ ತಿಂಗಳಲ್ಲಿ ಬೆಂಗಳೂರು ಜೈಲು ಸೇರಿದ ನಟಿ ಸ್ನೇಹಲತಾ ರೆಡ್ಡಿ, ಉಬ್ಬಸದ ರೋಗದಲ್ಲಿ ನರಳಿ, ಹೊರಬಿಟ್ಟ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು ತೀರಿಕೊಂಡರು.

ಆ ಒಂಟಿ ಮಾತುಗಳು ವ್ಯರ್ಥವಾದವೇ? ಆಗ ನೋಡಿದವರಿಗೆ ವ್ಯರ್ಥವೆಂದೇ ಕಂಡಿರಬೇಕು. ಆದರೆ 1978ರ 44ನೇ ತಿದ್ದುಪಡಿ, ತುರ್ತುಪರಿಸ್ಥಿತಿಯಲ್ಲಿ ಸಹ 21ನೇ ವಿಧಿಯ ಹಕ್ಕಿಗಾಗಿ ಕೋರ್ಟಿಗೆ ಹೋಗುವುದನ್ನು ತಡೆಯಕೂಡದೆಂದು ಮಾಡಿತು. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟು 1976ರ ಆ ತೀರ್ಪನ್ನು ತಪ್ಪೆಂದು ಹೇಳಿ ತಳ್ಳಿಹಾಕಿ, ಖನ್ನಾ ಅವರ ಮಾತನ್ನೇ ಎತ್ತಿಹಿಡಿಯಿತು. ಆ ಮೊಕದ್ದಮೆಯನ್ನು ತಂದವರು ನಮ್ಮ ಕನ್ನಡ ನಾಡಿನವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ನಲವತ್ತೊಂದು ವರ್ಷ ಹಿಡಿಯಿತು, ನಿಜ. ಆದರೆ 1976ರಲ್ಲಿ ಒಬ್ಬರೂ ಬಾಯಿ ಬಿಡದಿದ್ದರೆ 2017ರಲ್ಲಿ ಎತ್ತಿಹಿಡಿಯಲು ಯಾವ ಮಾತು ಇರುತ್ತಿತ್ತು?

ಇವರೆಲ್ಲ ಓದಿದವರು, ಪಟ್ಟಣದವರು, ನಮ್ಮಂಥವರ ಕತೆಯೇ ಬೇರೆ ಎಂದು ನೀವು ಹೇಳಬಹುದು. ಹಾಗಾದರೆ ದೂರ ಹೋಗುವುದು ಬೇಡ, ನೆರೆಯ ಧರ್ಮಪುರಿ ಜಿಲ್ಲೆಗೆ ಬನ್ನಿರಿ.

ಹರೂರಿನ ಕಡೆ, ಸಿತ್ತೇರಿ ಬೆಟ್ಟದ ಬುಡದಲ್ಲಿ ವಾಚಾತಿ ಎಂಬ ಊರಿದೆ. ಮಲೆಯಾಳಿ ಬುಡಕಟ್ಟಿನ ಬಡವರ ಊರು. 1992ರ ಜೂನ್ 20ರಂದು ಕಳ್ಳ ಗಂಧದ ಮರ ಹುಡುಕುತ್ತೇವೆಂದು ಅರಣ್ಯ ಇಲಾಖೆ, ಪೊಲೀಸು, ಕಂದಾಯ ಮೂರೂ ಇಲಾಖೆಯವರು ಸೇರಿ ಆ ಊರಿಗೆ ನುಗ್ಗಿದರು. ಜನರನ್ನು ಮನೆಗಳಿಂದ ಎಳೆದು ಒಂದೆಡೆ ಗುಡ್ಡೆಹಾಕಿದರು. ಹದಿನೆಂಟು ಹೆಣ್ಣುಮಕ್ಕಳ ಮಾನಭಂಗ ಮಾಡಿದರು. ಮನೆಗಳನ್ನು ಒಡೆದು ದೋಚಿದರು. ನೂರಕ್ಕೂ ಹೆಚ್ಚು ಜನರನ್ನು ಸೇಲಂ ಜೈಲಿಗೆ ತಳ್ಳಿದರು. ಅವರಲ್ಲಿ ಹೆಚ್ಚಿನವರು ಹೆಂಗಸರು ಮತ್ತು ಮಕ್ಕಳು. ಉಳಿದವರು ಕಾಡಿಗೆ ಓಡಿದರು. ಊರು ಬರಿದಾಯಿತು. ನಮ್ಮ ಸೇಲಂ ಪೇಟೆಯಲ್ಲಿ ಬಸ್ಸುಗಳು ಓಡಾಡುತ್ತಿದ್ದವು, ಸಂತೆ ನಡೆಯುತ್ತಿತ್ತು. ಆ ಜೈಲಿನ ಗೋಡೆಯೊಳಗೆ ತಾಯಂದಿರು ಮಕ್ಕಳನ್ನು ಅಪ್ಪಿಕೊಂಡು ಕುಳಿತಿದ್ದರು.

ಅವರ ಮಾತು ಹೊರಬಂದದ್ದು ಹೇಗೆ? ಬೆಟ್ಟದ ಜನರ ಸಂಘದವರು ಕೆಲವು ವಾರಗಳ ಮೇಲೆ ಸುದ್ದಿ ಕೇಳಿ ಊರಿಗೆ ಹೋದರು, ಕಂಡದ್ದನ್ನು ಬರೆದುಕೊಂಡರು. ಮಾರ್ಕ್ಸ್‌ವಾದಿ ಕಮ್ಯೂನಿಸ್ಟ್ ಪಕ್ಷದ ಎ. ನಲ್ಲಶಿವನ್ ಸುಪ್ರೀಂ ಕೋರ್ಟಿಗೆ ಹೋದರು. ಅಲ್ಲಿಂದ ಮೊಕದ್ದಮೆ ಮದರಾಸು ಹೈಕೋರ್ಟಿಗೆ ಬಂತು. ಅಂಥದ್ದೇನೂ ನಡೆದಿಲ್ಲವೆಂದು ಸರ್ಕಾರ ಹೇಳುತ್ತಿದ್ದಾಗ, ಪರಿಶಿಷ್ಟರ ರಾಷ್ಟ್ರೀಯ ಆಯೋಗದ ಬಿ. ಭಾಮತಿ ಎಂಬ ಅಧಿಕಾರಿಣಿ ಊರಿಗೆ ಹೋಗಿ, ಕೇಳಿ, ನಡೆದದ್ದು ನಿಜವೆಂದು ವರದಿ ಬರೆದರು. ಸರ್ಕಾರಿ ನೌಕರಿಯಲ್ಲಿ ಇದ್ದುಕೊಂಡೇ ಬರೆದರು, ಗಮನಿಸಿರಿ. 1995ರಲ್ಲಿ ಹೈಕೋರ್ಟು ತನಿಖೆಯನ್ನು ಸಿ.ಬಿ.ಐ.ಗೆ ಒಪ್ಪಿಸಿತು. ಆರೋಪಿಗಳು 269 ಮಂದಿ. ಬೆದರಿಕೆಗಳ ನಡುವೆ ಆ ಹೆಣ್ಣುಮಕ್ಕಳು ಕಟಕಟೆಯಲ್ಲಿ ನಿಂತು ಬೆರಳು ತೋರಿಸಿ ಇವನೇ ಎಂದರು. 2011ರ ಸೆಪ್ಟೆಂಬರ್ 29ರಂದು ಧರ್ಮಪುರಿ ಕೋರ್ಟು ಆರೋಪಿಗಳೆಲ್ಲರೂ ತಪ್ಪಿತಸ್ಥರೆಂದು ತೀರ್ಪಿತ್ತಿತು. ಅಷ್ಟರಲ್ಲಿ 54 ಮಂದಿ ಸತ್ತಿದ್ದರು, ಉಳಿದ 215 ಮಂದಿಗೆ ಶಿಕ್ಷೆಯಾಯಿತು. 2023ರ ಸೆಪ್ಟೆಂಬರ್ 29ರಂದು ಮದರಾಸು ಹೈಕೋರ್ಟು ಆ ಶಿಕ್ಷೆಯನ್ನು ಖಾಯಂ ಮಾಡಿ, ನೊಂದ ಪ್ರತಿಯೊಬ್ಬ ಹೆಣ್ಣುಮಗಳಿಗೂ 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದಿತು.

ಮೂವತ್ತೊಂದು ವರ್ಷ! ಇದಕ್ಕೆ ನ್ಯಾಯವೆನ್ನಬೇಕೇ ಎಂದು ಕೇಳಿದರೆ ನನಗೂ ಸಂಕಟವಾಗುತ್ತದೆ. ಆದರೆ ಬೆಟ್ಟ ಹತ್ತಿ ಹೋಗಿ ಕೇಳಿದ ಆ ಕೆಲವರು ಇಲ್ಲದಿದ್ದರೆ, ವಾಚಾತಿಯ ಜನ ಇಂದಿಗೂ ಸರ್ಕಾರಿ ಕಡತದಲ್ಲಿ ಗಂಧದ ಕಳ್ಳರಾಗಿಯೇ ಉಳಿಯುತ್ತಿದ್ದರು.

ನಮ್ಮ ಮೇಟೂರಿನ ಆಚೆಯ ಬೆಟ್ಟಗಳಲ್ಲಿ ವೀರಪ್ಪನ್ ಬೇಟೆಯ ಕಾಲದಲ್ಲಿ ನಡೆದದ್ದು ನಿಮ್ಮಲ್ಲಿ ಹಿರಿಯರಿಗೆ ಗೊತ್ತಿದೆ. ಅವನು ಅನೇಕರನ್ನು ಕೊಂದವನು. ಅವನ ಕೈಯಲ್ಲಿ ಸತ್ತ ಪೊಲೀಸರ, ಅರಣ್ಯ ನೌಕರರ ಮನೆಗಳಲ್ಲೂ ವಿಧವೆಯರಿದ್ದಾರೆ, ಅವರ ಕಣ್ಣೀರನ್ನೂ ನಾವು ಮರೆಯಬಾರದು. ಆದರೆ ಅವನನ್ನು ಹಿಡಿಯುವ ಹೆಸರಿನಲ್ಲಿ ಎರಡೂ ರಾಜ್ಯಗಳ ಬೆಟ್ಟದ ಬಡವರನ್ನು ಹಿಡಿದು ಹಿಂಸಿಸಿದರೆಂಬ ದೂರುಗಳು ಬಂದವು. ಟಾಡಾ ಕಾನೂನಿನಲ್ಲಿ ಮೈಸೂರು ಜೈಲು ಸೇರಿದವರು ವರ್ಷಗಟ್ಟಲೆ ಅಲ್ಲೇ ಕೊಳೆತರು. 2001ರಲ್ಲಿ ಕೋರ್ಟು ಅವರಲ್ಲಿ ಹೆಚ್ಚಿನವರನ್ನು ನಿರ್ದೋಷಿಗಳೆಂದು ಬಿಟ್ಟಿತು. ಮಾನವ ಹಕ್ಕು ಸಂಘಗಳು ಬಿಡದೆ ಬೆನ್ನು ಹತ್ತಿದ್ದರಿಂದ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿಯನ್ನು ನೇಮಿಸಿತು. ಆಯೋಗ 2007ರಲ್ಲಿ 89 ಮಂದಿಗೆ ಒಟ್ಟು 2 ಕೋಟಿ 80 ಲಕ್ಷ ರೂಪಾಯಿ ಪರಿಹಾರ ಕೊಡಲು ಹೇಳಿತು. ಕಳ್ಳನನ್ನು ಹಿಡಿಯುವುದು ಸರ್ಕಾರದ ಕೆಲಸ. ಕಳ್ಳನ ಊರಿನವನೆಂದು ಒಬ್ಬನನ್ನು ಹಿಡಿದು ಬಡಿಯುವ ಅಧಿಕಾರ ಸರ್ಕಾರಕ್ಕಿಲ್ಲ.

ಇನ್ನು ತೋಟಕ್ಕೆ ಬರೋಣ. ಇಲ್ಲಿ ಬೇಡಿ ಕಬ್ಬಿಣದ್ದಲ್ಲ, ಮುಂಗಡದ್ದು. ಜೀತ ಪದ್ಧತಿಯನ್ನು ರದ್ದು ಮಾಡಿದ ಸುಗ್ರೀವಾಜ್ಞೆ ಹೊರಟದ್ದು 1975ರ ಅಕ್ಟೋಬರಿನಲ್ಲಿ. 1976ರಲ್ಲಿ ಅದು ಕಾಯಿದೆಯಾಯಿತು. ಅಂದರೆ ಅದೇ ತುರ್ತುಪರಿಸ್ಥಿತಿಯಲ್ಲಿ. ಸರ್ಕಾರ ಒಂದು ಕೈಯಿಂದ ಬೀಗ ಹಾಕಿದಾಗಲೇ ಇನ್ನೊಂದು ಕೈಯಿಂದ ಬಡವನಿಗೊಂದು ಬೀಗದ ಕೈ ಕೊಟ್ಟಿತು. ಆ ಬೀಗದ ಕೈ ಇಂದಿಗೂ ನಮ್ಮಲ್ಲಿದೆ. ಸಾಲ ತೀರುವ ತನಕ ಇಲ್ಲೇ ದುಡಿಯಬೇಕು, ಬೇರೆಡೆ ಹೋಗಕೂಡದು ಎಂಬ ಕರಾರು ಚೀಟಿಯಲ್ಲಿ ಹೆಬ್ಬೆಟ್ಟು ಒತ್ತಿದ್ದರೂ ಬೆಲೆಯಿಲ್ಲದ್ದು. ಜೀತದ ಸಾಲ ಕಾನೂನಿನ ಕಣ್ಣಿಗೆ ಸಾಲವೇ ಅಲ್ಲ. ಇದು ಜೀತದ ಸಾಲವಲ್ಲವೆಂದು ಸಾಧಿಸಬೇಕಾದವನು ಸಾಲ ಕೊಟ್ಟವನು, ಕೂಲಿಗಾರನಲ್ಲ. ಜೀತಕ್ಕಿಟ್ಟುಕೊಂಡವನಿಗೆ ಮೂರು ವರ್ಷದ ತನಕ ಸೆರೆವಾಸವಿದೆ.

ಆದರೂ ನಡೆಯುತ್ತಲೇ ಇದೆ. 2022ರ ಅಕ್ಟೋಬರಿನಲ್ಲಿ ಚಿಕ್ಕಮಗಳೂರು ಜಿಲ್ಲೆಯ ಒಂದು ಕಾಫಿ ತೋಟದಲ್ಲಿ ಸಾಲದ ಕಾರಣಕ್ಕೆ ಹದಿನಾರು ಮಂದಿ ದಲಿತ ಕೂಲಿಗಳನ್ನು ಮನೆಯಲ್ಲಿ ಕೂಡಿಹಾಕಿದರೆಂದು ಪತ್ರಿಕೆಗಳಲ್ಲಿ ಬಂತು. ಅವರಲ್ಲಿ ಒಬ್ಬಾಕೆ ಬಸುರಿ. ಮೊದಲು ಠಾಣೆಗೆ ಹೋಗಿ ಹೇಳಿದವರು ಹೊರಗಿದ್ದ ನೆಂಟರು. ಆ ದೂರನ್ನು ಅದೇ ದಿನ ವಾಪಸು ಪಡೆಯಲಾಯಿತು. ಮರುದಿನ ಆ ಬಸುರಿ ಆಸ್ಪತ್ರೆ ಸೇರಿದಳು. ಆಗ ದೂರು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಯವರೆಗೆ ಹೋಯಿತು, ಕೇಸು ದಾಖಲಾಯಿತು. ಒಂದು ಬಾಗಿಲಲ್ಲಿ ಆಗದಿದ್ದರೆ ಮೇಲಿನ ಬಾಗಿಲನ್ನು ತಟ್ಟಬೇಕೆಂಬುದು ಇದರಿಂದ ತಿಳಿಯುತ್ತದೆ. ನಮ್ಮ ಈ ಕಡೆಯ ಜಿಲ್ಲೆಗಳಿಂದ ಸುಮಂಗಲಿ ಯೋಜನೆಯೆಂಬ ಚೆಂದದ ಹೆಸರಿನಲ್ಲಿ ನೂಲಿನ ಗಿರಣಿಗಳಿಗೆ ಹೋದ ಹುಡುಗಿಯರನ್ನೂ ನೆನೆಯಿರಿ. ಮೂರು ವರ್ಷದ ಕೊನೆಗೆ ಮದುವೆಗಾಗುವಷ್ಟು ಇಡಿಗಂಟು ಎಂದು ಹೇಳಿ, ಹಾಸ್ಟೆಲಿನಿಂದ ಹೊರಗೆ ಕಾಲಿಡಲು ಬಿಡದೆ ದುಡಿಸಿದ ಗಿರಣಿಗಳು ಇದ್ದವು.

ಹಾಗಾದರೆ ಕಂಡವರು ಏನು ಮಾಡಬೇಕು? ಸರಳವಾಗಿ ಹೇಳುತ್ತೇನೆ.

ಮೊದಲನೆಯದಾಗಿ, ಬರೆದಿಡಿರಿ. ಯಾರನ್ನು, ಯಾವ ದಿನ, ಎಷ್ಟು ಗಂಟೆಗೆ, ಯಾವ ಗಾಡಿಯಲ್ಲಿ, ಯಾರು ಕರೆದೊಯ್ದರು. ನೆನಪು ಮಾಸುತ್ತದೆ, ಕಾಗದ ಮಾಸುವುದಿಲ್ಲ. ನಿಮಗೆ ಬರೆಯಲು ಬಾರದಿದ್ದರೆ ಶಾಲೆಗೆ ಹೋಗುವ ಮಗುವಿನ ಕೈಯಲ್ಲಿ ಬರೆಸಿರಿ.

ಎರಡನೆಯದಾಗಿ, ಪೊಲೀಸರು ಬಂಧಿಸಿದರೆ ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಇದು ಸಂವಿಧಾನದ 22ನೇ ವಿಧಿ. ಬಂಧನದ ಚೀಟಿ ಬರೆಯಬೇಕು, ಅದಕ್ಕೆ ಸಾಕ್ಷಿಯ ಸಹಿ ಇರಬೇಕು, ಮನೆಯವರಿಗೆ ತಿಳಿಸಬೇಕು ಎಂದು ಸುಪ್ರೀಂ ಕೋರ್ಟು 1996ರಲ್ಲಿ ಡಿ.ಕೆ. ಬಸು ಮೊಕದ್ದಮೆಯಲ್ಲಿ ಆಜ್ಞೆ ಮಾಡಿದೆ. ಠಾಣೆಗೆ ಹೋಗಿ ಇದನ್ನು ವಿನಯವಾಗಿ, ಆದರೆ ಗಟ್ಟಿಯಾಗಿ ಕೇಳಿರಿ.

ಮೂರನೆಯದಾಗಿ, ಠಾಣೆಯಲ್ಲಿ ದೂರು ಬರೆದುಕೊಳ್ಳದಿದ್ದರೆ ಅದನ್ನೇ ಎಸ್.ಪಿ.ಯವರಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ ರಸೀದಿ ಇಟ್ಟುಕೊಳ್ಳಿರಿ. ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಕೋರ್ಟಿದೆ. ಜೀತದ ವಿಷಯವಾದರೆ ಜಿಲ್ಲಾ ಕಲೆಕ್ಟರಿಗೆ ಬರೆಯಿರಿ. ಕಾಗದಕ್ಕೆ ಬಲವಿಲ್ಲವೆನ್ನಬೇಡಿರಿ. ಫರೀದಾಬಾದಿನ ಕಲ್ಲುಕ್ವಾರಿಯ ಕೂಲಿಗಳ ಬಗ್ಗೆ ಬಂಧುವಾ ಮುಕ್ತಿ ಮೋರ್ಚಾದವರು ಬರೆದ ಒಂದು ಪತ್ರವನ್ನೇ ಸುಪ್ರೀಂ ಕೋರ್ಟು ಅರ್ಜಿಯಾಗಿ ತೆಗೆದುಕೊಂಡು 1983ರ ಡಿಸೆಂಬರಿನಲ್ಲಿ ತೀರ್ಪು ಕೊಟ್ಟಿತು.

ನಾಲ್ಕನೆಯದಾಗಿ, ವಕೀಲರಿಗೆ ಹಣವಿಲ್ಲವೆಂದು ಸುಮ್ಮನಾಗಬೇಡಿರಿ. ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಜೀತಕ್ಕೆ ಸಿಕ್ಕಿದವರಿಗೆ, ಸೆರೆಯಲ್ಲಿರುವವರಿಗೆ ಸರ್ಕಾರವೇ ಪುಕ್ಕಟೆ ವಕೀಲರನ್ನು ಕೊಡಬೇಕು. 15100 ಎಂಬ ನಂಬರಿಗೆ ಫೋನು ಮಾಡಿ ಕೇಳಿರಿ.

ಐದನೆಯದಾಗಿ, ಒಬ್ಬರೇ ಹೋಗಬೇಡಿರಿ. ಇಬ್ಬರು ಮೂವರು ಕೂಡಿ ಹೋಗಿರಿ, ಒಬ್ಬ ಹೆಂಗಸಾದರೂ ಜೊತೆಗಿರಲಿ. ಒಳಗಿರುವವನ ಮನೆಯಲ್ಲಿ ಒಲೆ ಉರಿಯುತ್ತಿದೆಯೇ ಎಂದು ನೋಡಿರಿ. ವಾಯಿದೆಯ ದಿನ ಕೋರ್ಟಿಗೆ ಜೊತೆಯಲ್ಲಿ ಹೋಗಿರಿ. ಎಬೆದ್ಮೆಲೆಕನು ಹಗ್ಗದ ಜೊತೆಗೆ ತಂದ ಹಳೆಯ ಬಟ್ಟೆಯೆಂದರೆ ಇದೇ.

ನೀವು ಮನಸ್ಸಿನಲ್ಲಿ ಏನು ಹೇಳಿಕೊಳ್ಳುತ್ತಿದ್ದೀರೆಂದು ನನಗೆ ಗೊತ್ತು. ಊರ ಉಸಾಬರಿ ನಮಗೇಕೆ? ಬಾಯಿ ಬಿಟ್ಟರೆ ನಾಳೆ ನಮ್ಮ ಲೈನು ಮನೆ ಹೋದರೆ? ಈ ಭಯ ಸುಳ್ಳಲ್ಲ. ಮಕ್ಕಳೊಂದಿಗೆ ಬೀದಿಗೆ ಬೀಳುವವನ ಭಯವನ್ನು ಹೊಟ್ಟೆ ತುಂಬಿದವನು ಹಾಸ್ಯ ಮಾಡಕೂಡದು. ಆದುದರಿಂದಲೇ ಸಂಘ ಬೇಕು, ಕೂಟ ಬೇಕು. ಒಬ್ಬನ ಬಾಯಿ ಮುಚ್ಚಿಸುವುದು ಸುಲಭ, ನಲವತ್ತು ಮನೆಯ ಬಾಯಿ ಮುಚ್ಚಿಸುವುದು ಕಷ್ಟ. ಇನ್ನೊಂದು ಮಾತು ಕೇಳಿಬರುತ್ತದೆ: ಅವನೇನು ಸಾಚಾನೇ, ಏನೋ ಮಾಡಿರಬೇಕು, ಅದಕ್ಕೇ ಹಿಡಿದಿದ್ದಾರೆ. ಮಾಡಿದ್ದರೆ ಕೋರ್ಟು ಇದೆ, ಶಿಕ್ಷೆ ಇದೆ. ನಾವು ಕೇಳುವುದು ಅವನನ್ನು ಬಿಟ್ಟುಬಿಡಿ ಎಂದಲ್ಲ, ಬೆಳಕಿಗೆ ತಂದು ನಿಲ್ಲಿಸಿ ಎಂದು. ಯೇಸುಸ್ವಾಮಿಯನ್ನೂ ರಾತ್ರಿಯಲ್ಲೇ ಹಿಡಿದರು, ಸುಳ್ಳು ಸಾಕ್ಷಿ ಕಟ್ಟಿ ವಿಚಾರಿಸಿದರು. ಆ ರಾತ್ರಿ ಶಿಷ್ಯರು ಓಡಿಹೋದರು. ಅದನ್ನು ಪ್ರತಿವರ್ಷ ಪವಿತ್ರ ವಾರದಲ್ಲಿ ಓದಿ ದುಃಖಪಡುವ ನಾವು, ನೆರೆಮನೆಯವನನ್ನು ರಾತ್ರಿ ಎಳೆದೊಯ್ದಾಗ ಬಾಗಿಲು ಹಾಕಿಕೊಳ್ಳಬಹುದೇ?

ಕೊನೆಯದಾಗಿ ನಮ್ಮವರಿಗೇ ಒಂದು ಮಾತು, ಸ್ವಲ್ಪ ಖಾರವಾಗಿದ್ದರೂ ಸಹಿಸಿಕೊಳ್ಳಿರಿ. ಸ್ವಾತಂತ್ರ್ಯ ನಮ್ಮವನಿಗೆ ಮಾತ್ರವೆಂದರೆ ಅದು ಸ್ವಾತಂತ್ರ್ಯವಲ್ಲ, ಪಕ್ಷಪಾತ. ಮುಷ್ಕರದ ದಿನ ಕೆಲಸಕ್ಕೆ ಹೋಗುತ್ತೇನೆಂದವನ ಕೈ ಹಿಡಿದು ಬುದ್ಧಿ ಹೇಳಬಹುದು, ಅವನ ಮನೆಗೆ ಹೊರಗಿನಿಂದ ಚಿಲಕ ಹಾಕಬಾರದು. ಬೇರೆ ಜಾತಿಯವನನ್ನು ಮೆಚ್ಚಿದಳೆಂದು ಹದಿನೆಂಟು ದಾಟಿದ ಮಗಳನ್ನು ಕೋಣೆಯಲ್ಲಿ ಕೂಡಿಹಾಕಿದರೆ, ಆ ಮನೆಯ ಗೋಡೆಗೂ ಜೈಲಿನ ಗೋಡೆಗೂ ಏನು ವ್ಯತ್ಯಾಸ? ತೋಟದ ಯಜಮಾನನನ್ನು ಕೇಳುವ ಪ್ರಶ್ನೆಯನ್ನು ನಮ್ಮ ಮನೆಯ ಯಜಮಾನನನ್ನೂ ಕೇಳಬೇಕು.

ಇಲ್ಲಿಂದ ಹಿಂತಿರುಗಿದ ಮೇಲೆ ಪ್ರತಿಯೊಂದು ಲೈನಿನವರೂ ಒಂದು ಕೆಲಸ ಮಾಡಬೇಕೆಂದು ಕೈ ಮುಗಿದು ಕೇಳುತ್ತೇನೆ. ಯಾರಿಗಾದರೂ ಇಂಥ ಕಷ್ಟ ಬಂದರೆ ಆ ರಾತ್ರಿಯೇ ಹೊರಡಲು ಇಬ್ಬರನ್ನು, ಒಬ್ಬ ಗಂಡಸು ಒಬ್ಬ ಹೆಂಗಸು, ಈಗಲೇ ಆರಿಸಿಡಿರಿ. ಅವರ ಬಸ್ಸಿನ ಖರ್ಚಿಗೆಂದು ವಾರಕ್ಕೆ ಮನೆಗೆ ಐದು ರೂಪಾಯಿಯಂತೆ ಒಂದು ಡಬ್ಬಿಯಲ್ಲಿ ಕೂಡಿಸಿಡಿರಿ. ಕಷ್ಟ ಬಂದ ಮೇಲೆ ಯಾರು ಹೋಗುವುದೆಂದು ಮುಖ ಮುಖ ನೋಡುತ್ತ ಕುಳಿತರೆ ಹೊತ್ತು ಮೀರಿರುತ್ತದೆ.

ಆ ಇಬ್ಬರಿಗೆ ದೇವರು ಧೈರ್ಯ ಕೊಡಲಿ. ಉಳಿದ ನಮಗೆ ಅವರ ಹಿಂದೆ ನಿಲ್ಲುವ ಬುದ್ಧಿ ಕೊಡಲಿ.